ಡಿಸ್ಕ್‌ವರ್ಲ್ಡ್ ಓದಲು ಎಲ್ಲಿಂದ ಆರಂಭಿಸಬೇಕು: 41 ಕಾದಂಬರಿಗಳ ಸರಣಿಗೆ ಒಂದು ಸಮಗ್ರ ಮಾರ್ಗದರ್ಶಿ

ಬ್ರಿಟಿಷ್ ಲೇಖಕ ಟೆರ್ರಿ ಪ್ರಾಚೆಟ್ ಬರೆದ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿಗಳಿವೆ. ಮೊದಲನೆಯದು 1983ರಲ್ಲಿ ಪ್ರಕಟವಾಯಿತು. ಕೊನೆಯದು, ಲೇಖಕರು 2015ರ ಮಾರ್ಚ್ 12ರಂದು ತೀರಿಕೊಂಡ ನಂತರ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹೊರಬಂದಿತು. ಈ ಸರಣಿಯ ಹೆಸರನ್ನು ಸ್ನೇಹಿತರಿಂದ ಕೇಳಿ ಪುಸ್ತಕದಂಗಡಿಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಇಷ್ಟರಲ್ಲಿ ಯಾವುದನ್ನು ಮೊದಲು ಓದುವುದು? ಮೊದಲು ಪ್ರಕಟವಾದದ್ದನ್ನೇ ಮೊದಲು ಓದುವುದು ಎಂಬ ಉತ್ತರ ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆ. ಆ ಉತ್ತರ ಏಕೆ ಸರಿಯಲ್ಲ, ಅದರ ಬದಲು ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು, ಅದಾದ ಮೇಲೆ ಯಾವುದಕ್ಕೆ ಹೋಗಬೇಕು, ಯಾವುದನ್ನು ಅವಸರದಿಂದ ಮುಟ್ಟಬಾರದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ನಾನೂ ಮೊದಲನೆಯ ಪುಸ್ತಕದಿಂದಲೇ ಆರಂಭಿಸಿದವನು. ಕಾಲೇಜಿನ ದಿನಗಳಲ್ಲಿ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪ್ರತಿಯನ್ನು ಎಂಬತ್ತು ಪುಟಗಳವರೆಗೆ ಹೇಗೋ ಎಳೆದುಕೊಂಡು ಹೋಗಿ, ಇದರಲ್ಲಿ ನಗುವಂಥದ್ದು ಏನಿದೆಯೆಂದು ತಿಳಿಯದೆ ಮುಚ್ಚಿಟ್ಟೆ. ಆರು ವರ್ಷಗಳ ನಂತರ ರೈಲು ಪ್ರಯಾಣವೊಂದರಲ್ಲಿ ಓದಲು ಬೇರೇನೂ ಇಲ್ಲದೆ ಎಂಟನೆಯ ಪುಸ್ತಕವನ್ನು ತೆರೆದಾಗ, ಎದುರಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಿದ್ದೆ. ಈ ಮಾರ್ಗದರ್ಶಿ ಹುಟ್ಟಿದ್ದು ಆ ಆರು ವರ್ಷಗಳ ನಷ್ಟದಿಂದ.

ಮೊದಲು ಸರಣಿಯ ಸ್ವರೂಪವನ್ನು ತಿಳಿಯಿರಿ

ಕಥೆಗಳೆಲ್ಲ ನಡೆಯುವುದು ತಟ್ಟೆಯಂತೆ ಚಪ್ಪಟೆಯಾದ ಒಂದು ಲೋಕದಲ್ಲಿ. ಆ ತಟ್ಟೆಯನ್ನು ನಾಲ್ಕು ಆನೆಗಳು ಹೊತ್ತಿವೆ. ಆ ಆನೆಗಳು ಗ್ರೇಟ್ ಆಟ್ವಿನ್ ಎಂಬ ಮಹಾಕೂರ್ಮದ ಬೆನ್ನಿನ ಮೇಲೆ ನಿಂತಿವೆ. ಆಮೆ ನಕ್ಷತ್ರಗಳ ನಡುವೆ ನಿಧಾನವಾಗಿ ಈಜುತ್ತ ಸಾಗಿದೆ. ಅಷ್ಟದಿಗ್ಗಜಗಳ ಮತ್ತು ಆದಿಕೂರ್ಮದ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಕಾಣದು, ನಾಲ್ಕು ಆನೆಗಳು ಕಡಿಮೆಯಾದವಲ್ಲ ಎಂದು ಕೇಳಬಹುದು ಅಷ್ಟೆ. ಲೋಕ ಹೊರುವವರ ಪಾಡನ್ನು ನಗೆಗೆ ವಸ್ತುವಾಗಿಸುವುದೂ ನಮಗೆ ಹೊಸದಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದನೆಂದು ಕುಮಾರವ್ಯಾಸ ಎಂದೋ ಚೇಷ್ಟೆ ಮಾಡಿದ್ದಾನೆ. ಹೀಗಾಗಿ ಹಿನ್ನೆಲೆಯನ್ನು ಅರ್ಥಮಾಡಿಕೊಳ್ಳಲೆಂದೇ ಮೊದಲ ಪುಸ್ತಕ ಓದಬೇಕೆಂಬ ವಾದ ಕನ್ನಡದ ಓದುಗರಿಗೆ ಇನ್ನಷ್ಟು ಕಡಿಮೆ ಅನ್ವಯಿಸುತ್ತದೆ.

ಹೆಚ್ಚು ಮುಖ್ಯವಾದ ಸಂಗತಿ ಬೇರೆ ಇದೆ. ಇದು ಒಂದೇ ಕಥೆ 41 ಸಂಪುಟಗಳವರೆಗೆ ಬೆಳೆಯುತ್ತ ಹೋಗುವ ಧಾರಾವಾಹಿಯಲ್ಲ. ಯಕ್ಷಗಾನದ ಪ್ರೇಕ್ಷಕರು ಮಹಾಭಾರತವನ್ನು ಆದಿಪರ್ವದಿಂದ ನೋಡುತ್ತ ಬರುವುದಿಲ್ಲ. ಒಂದು ರಾತ್ರಿ ಕೃಷ್ಣಸಂಧಾನ, ಇನ್ನೊಂದು ರಾತ್ರಿ ಗದಾಯುದ್ಧ, ಮತ್ತೆಂದೋ ಒಮ್ಮೆ ದ್ರೌಪದಿ ಸ್ವಯಂವರ ನೋಡಿಕೊಂಡೇ ಇಡೀ ಕಥೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ಡಿಸ್ಕ್‌ವರ್ಲ್ಡ್‌ನ ಪ್ರತಿಯೊಂದು ಕಾದಂಬರಿಯೂ ಹಾಗೆ ಒಂದು ಪ್ರಸಂಗ. ಆರಂಭ, ಸಂಘರ್ಷ, ಮುಕ್ತಾಯ ಎಲ್ಲವೂ ಆಯಾ ಪುಸ್ತಕದಲ್ಲೇ ಇರುತ್ತವೆ. ಪ್ರಸಂಗಗಳ ನಡುವೆ ಸಾಮಾನ್ಯವಾಗಿರುವುದು ಲೋಕ, ಆಂಕ್-ಮೊರ್ಪೋರ್ಕ್ ಎಂಬ ಕೊಳಕು ಮಹಾನಗರ, ಮತ್ತು ಮತ್ತೆ ಮತ್ತೆ ರಂಗಕ್ಕೆ ಬರುವ ಪಾತ್ರಧಾರಿಗಳು.

ಆ ಪಾತ್ರಧಾರಿಗಳನ್ನು ಅನುಸರಿಸಿ ಪುಸ್ತಕಗಳನ್ನು ಕೆಲವು ಎಳೆಗಳಾಗಿ ವಿಂಗಡಿಸುವುದು ರೂಢಿ. ಹೇಡಿ ಮಾಂತ್ರಿಕ ರಿನ್ಸ್‌ವಿಂಡ್‌ನದು ಒಂದು, ಬೆಟ್ಟದ ನಾಡಿನ ಮಾಟಗಾತಿಯರದು ಒಂದು, ಸಾಕ್ಷಾತ್ ಮೃತ್ಯುದೇವತೆಯದು ಒಂದು, ನಗರದ ಕಾವಲುಪಡೆಯದು ಒಂದು, ಮೋಸಗಾರ ಮಾಯಿಸ್ಟ್ ವಾನ್ ಲಿಪ್‌ವಿಗ್‌ನದು ಒಂದು, ಕುರಿಗಾಹಿಗಳ ಮನೆಯ ಹುಡುಗಿ ಟಿಫನಿ ಏಕಿಂಗ್‌ಳದು ಒಂದು. ಯಾವ ಎಳೆಗೂ ಸೇರದ ಬಿಡಿ ಕಾದಂಬರಿಗಳೂ ಇವೆ. ನೆನಪಿಡಬೇಕಾದ ನಿಯಮ ಇಷ್ಟೇ: ಒಂದೇ ಎಳೆಯೊಳಗೆ ಪ್ರಕಟಣೆಯ ವರ್ಷದ ಕ್ರಮವನ್ನು ಪಾಲಿಸಿ, ಒಂದು ಎಳೆಯಿಂದ ಇನ್ನೊಂದಕ್ಕೆ ನಿಮ್ಮ ಇಷ್ಟದಂತೆ ದಾಟಿ. ಅಭಿಮಾನಿಗಳು ಬಾಣದ ಗುರುತುಗಳ ದೊಡ್ಡ ನಕ್ಷೆಗಳನ್ನೇ ರಚಿಸಿದ್ದಾರೆ. ಅವನ್ನು ಮೊದಲ ದಿನವೇ ನೋಡಿದರೆ ಬಸ್ ನಿಲ್ದಾಣದ ವೇಳಾಪಟ್ಟಿ ಕಂಡಂತೆ ತಲೆ ತಿರುಗುತ್ತದೆ. ಹತ್ತು ಪುಸ್ತಕ ಓದಿದ ಮೇಲೆ ನೋಡಿದರೆ ಅವು ನಿಜಕ್ಕೂ ಉಪಯುಕ್ತ.

ಮೊದಲ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ

'ದ ಕಲರ್ ಆಫ್ ಮ್ಯಾಜಿಕ್' ಕೆಟ್ಟ ಪುಸ್ತಕವಲ್ಲ. ಆದರೆ ಅದು 1970ರ ದಶಕದವರೆಗೆ ಇಂಗ್ಲಿಷಿನಲ್ಲಿ ಬಂದ ಕತ್ತಿ ಮತ್ತು ಮಂತ್ರಗಳ ಸಾಹಸಕಥೆಗಳ ಅಣಕ. ಅಣಕವನ್ನು ಸವಿಯಬೇಕಾದರೆ ಮೂಲ ಗೊತ್ತಿರಬೇಕು. ಆ ಬಗೆಯ ಕಥೆಗಳನ್ನು ರಾಶಿಗಟ್ಟಲೆ ಓದಿ ಬೇಸತ್ತವರಿಗೆ ಅದು ಪುಟಪುಟಕ್ಕೂ ನಗೆ ತರಿಸುತ್ತದೆ. ಓದಿರದವರಿಗೆ ಯಾರನ್ನು ಗೇಲಿ ಮಾಡುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಜೊತೆಗೆ ಅದು ಒಂದಕ್ಕೊಂದು ತಗುಲಿಕೊಂಡ ನಾಲ್ಕು ಕಥೆಗಳ ಮಾಲೆ. ಕೊನೆಯ ಕಥೆ ಎಲ್ಲಿಯೂ ಮುಗಿಯದೆ, 1986ರಲ್ಲಿ ಬಂದ 'ದ ಲೈಟ್ ಫೆಂಟಾಸ್ಟಿಕ್'ಗೆ ಹರಿದುಹೋಗುತ್ತದೆ. ಮೇಲೆ ಹೇಳಿದ ಸ್ವತಂತ್ರ ಪ್ರಸಂಗದ ನಿಯಮಕ್ಕೆ ದೊಡ್ಡ ಅಪವಾದ ಮೊದಲ ಪುಸ್ತಕವೇ ಆಗಿರುವುದು ವಿಪರ್ಯಾಸ.

ಪ್ರಾಚೆಟ್ ಆಗ ವಿದ್ಯುತ್ ಉತ್ಪಾದನಾ ಮಂಡಳಿಯ ಪತ್ರಿಕಾ ಅಧಿಕಾರಿಯಾಗಿದ್ದರು. 1987ರಲ್ಲಿ ಕೆಲಸ ಬಿಟ್ಟು ಪೂರ್ಣಾವಧಿಯ ಲೇಖಕರಾದರು. ಮೊದಲ ಪುಸ್ತಕದಲ್ಲಿ ಲೋಕವಿದೆ, ಹಾಸ್ಯವಿದೆ, ಆದರೆ ಮನುಷ್ಯರ ಬಗೆಗೆ ಮುಂದೆ ಅವರು ಬೆಳೆಸಿಕೊಂಡ ಆ ಕೋಪಮಿಶ್ರಿತ ಅಕ್ಕರೆ ಇನ್ನೂ ಬಂದಿಲ್ಲ. ಓದುಗರು ಈ ಸರಣಿಯನ್ನು ಪ್ರೀತಿಸುವುದು ಆ ಅಕ್ಕರೆಗಾಗಿ.

ಹಳೆಯ ಪೇಪರ್‌ಬ್ಯಾಕುಗಳ ಮುಖಪುಟ ಬರೆದ ಜೋಶ್ ಕರ್ಬಿ, ಕನ್ನಡಕ ಧರಿಸಿದ ಪ್ರವಾಸಿ ಟೂಫ್ಲವರ್‌ನಿಗೆ ನಾಲ್ಕು ಕಣ್ಣು ಎಂದು ಪುಸ್ತಕದಲ್ಲಿರುವುದನ್ನು ಅಕ್ಷರಶಃ ತೆಗೆದುಕೊಂಡು, ಮುಖದ ಮೇಲೆ ನಿಜಕ್ಕೂ ನಾಲ್ಕು ಕಣ್ಣುಗಳನ್ನು ಬರೆದುಬಿಟ್ಟಿದ್ದಾರೆ. ಹಾಸ್ಯವನ್ನು ಹಿನ್ನೆಲೆಯಿಲ್ಲದೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ಆ ಮುಖಪುಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಬಾಗಿಲನ್ನು ಆಯ್ದುಕೊಳ್ಳಿ

ಒಂದೇ ಹೆಸರು ಹೇಳಿ ಎಂದು ಒತ್ತಾಯಿಸಿದರೆ ನಾನು ಹೇಳುವುದು 1989ರ 'ಗಾರ್ಡ್ಸ್! ಗಾರ್ಡ್ಸ್!'. ಸಾಹಸಕಥೆಗಳಲ್ಲಿ, ಸಿನಿಮಾಗಳಲ್ಲಿ ಒಂದು ಬಗೆಯ ಪಾತ್ರಗಳಿರುತ್ತವೆ: "ಯಾರಲ್ಲಿ?" ಎಂದು ರಾಜ ಕೂಗಿದೊಡನೆ ಓಡಿಬಂದು, ನಾಯಕನ ಕೈಯಲ್ಲಿ ಒಬ್ಬೊಬ್ಬರಾಗಿ ಏಟು ತಿಂದು ಬೀಳುವ ಕಾವಲುಗಾರರು. ಅವರಿಗೂ ಮನೆಯಿದೆಯೇ, ಸಂಬಳ ಸಾಲುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಈ ಕಾದಂಬರಿ ಅವರಿಗಾಗಿಯೇ ಬರೆದದ್ದು. ಆಂಕ್-ಮೊರ್ಪೋರ್ಕ್‌ನ ರಾತ್ರಿ ಕಾವಲುಪಡೆಯಲ್ಲಿ ಉಳಿದಿರುವವರು ಮೂವರು: ಕುಡಿತಕ್ಕೆ ಬಿದ್ದ ಕ್ಯಾಪ್ಟನ್ ವೈಮ್ಸ್, ಅಪಾಯದಿಂದ ಸದಾ ದೂರವಿರುವ ಸಾರ್ಜೆಂಟ್ ಕೋಲನ್, ಮತ್ತು ಮನುಷ್ಯ ಹೌದೋ ಅಲ್ಲವೋ ಎಂಬ ಅನುಮಾನ ಹುಟ್ಟಿಸುವ ನಾಬಿ. ಆ ನಗರದಲ್ಲಿ ಕಳ್ಳರಿಗೂ ಪರವಾನಗಿ ಪಡೆದ ಸಂಘವಿರುವುದರಿಂದ ಈ ಮೂವರಿಗೆ ಮಾಡಲು ಕೆಲಸವೇ ಇಲ್ಲ. ಅಲ್ಲಿಗೆ ಕುಳ್ಳರ ಗಣಿಯಲ್ಲಿ ಸಾಕುಮಗನಾಗಿ ಬೆಳೆದ, ಆರಡಿಗೂ ಮೀರಿದ ಎತ್ತರದ, ಕಾನೂನು ಪುಸ್ತಕವನ್ನು ಬಾಯಿಪಾಠ ಮಾಡಿದ ಕ್ಯಾರಟ್ ಎಂಬ ಮುಗ್ಧ ಯುವಕ ಬಂದು ಸೇರುತ್ತಾನೆ. ಅದೇ ಹೊತ್ತಿಗೆ ರಹಸ್ಯ ಸಂಘವೊಂದು ಮಂತ್ರಬಲದಿಂದ ಡ್ರ್ಯಾಗನ್ ಒಂದನ್ನು ನಗರದ ಮೇಲೆ ಕರೆಸುತ್ತದೆ.

ಆ ಪುಸ್ತಕದ ಒಂದು ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡ್ರ್ಯಾಗನ್ನಿನ ಮರ್ಮಸ್ಥಾನಕ್ಕೆ ಬಾಣ ಬಿಡಲು ಕಾವಲುಗಾರರು ಮಾಳಿಗೆ ಹತ್ತಿದ್ದಾರೆ. ಹತ್ತು ಲಕ್ಷಕ್ಕೆ ಒಂದು ಸಾಧ್ಯತೆ ಇದ್ದರೆ ಅದು ಕೈಗೂಡಿಯೇ ತೀರುತ್ತದೆ ಎಂಬುದು ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಇವರಿಗೆ ಅನುಮಾನ ಹುಟ್ಟುತ್ತದೆ: ಕೋಲನ್ ಒಳ್ಳೆಯ ಬಿಲ್ಲುಗಾರನಾದ್ದರಿಂದ ಸಾಧ್ಯತೆ ಸರಿಯಾಗಿ ಹತ್ತು ಲಕ್ಷಕ್ಕೆ ಒಂದು ಆಗದೆ, ಸ್ವಲ್ಪ ಹೆಚ್ಚೇ ಇದ್ದರೆ ಏನು ಗತಿ? ಹಾಗಾಗಿ ಅವನನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ, ಒಂದೊಂದೇ ಅಡ್ಡಿಯನ್ನು ತಾವೇ ಸೇರಿಸಿಕೊಂಡು, ಲೆಕ್ಕವನ್ನು ಕರಾರುವಾಕ್ಕಾಗಿ ಹತ್ತು ಲಕ್ಷಕ್ಕೆ ತರಲು ಹೆಣಗುತ್ತಾರೆ. ಮುಂದೇನಾಯಿತೆಂದು ಹೇಳುವುದಿಲ್ಲ. ಪ್ರಾಚೆಟ್ ಹಾಸ್ಯದ ಕೀಲಿ ಇಲ್ಲಿದೆ: ಒಂದು ಅಸಂಬದ್ಧ ಮಾತನ್ನು ಹಿಡಿದು, ಗುಮಾಸ್ತರ ಶ್ರದ್ಧೆಯಿಂದ ಅದರ ತುದಿಯವರೆಗೂ ತರ್ಕ ಬಿಡದೆ ನಡೆಯುವುದು. ಈ ದೃಶ್ಯ ನಿಮ್ಮನ್ನು ನಗಿಸಿದರೆ ಉಳಿದ 40 ಪುಸ್ತಕಗಳಲ್ಲಿ ಹೆಚ್ಚಿನವು ನಿಮಗೆ ಹಿಡಿಸುತ್ತವೆ. ಇಷ್ಟಕ್ಕೂ ನಗು ಬಾರದಿದ್ದರೆ ಬಹುಶಃ ಈ ಸರಣಿ ನಿಮ್ಮದಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ.

ದೇವರು, ಧರ್ಮ, ಮಠ, ಅಧಿಕಾರ ಇವುಗಳ ಬಗೆಗೆ ಯೋಚಿಸುವವರು 'ಸ್ಮಾಲ್ ಗಾಡ್ಸ್'ನಿಂದ ಆರಂಭಿಸುವುದು ಲೇಸು. 1992ರಲ್ಲಿ ಬಂದ ಈ ಬಿಡಿ ಕಾದಂಬರಿಗೆ ಹಿಂದಿನ ಯಾವ ಪುಸ್ತಕದ ಪರಿಚಯವೂ ಬೇಕಿಲ್ಲ. ಓಮ್ ಎಂಬ ಹೆಸರಿನ ಮಹಾದೇವರು ಭೂಮಿಗೆ ಇಳಿದು ಬಂದಾಗ, ತಾನೊಂದು ಸಣ್ಣ ಆಮೆಯಾಗಿ ಸಿಕ್ಕಿಬಿದ್ದಿರುವುದನ್ನು ಕಂಡುಕೊಳ್ಳುತ್ತಾನೆ. ಈ ಲೋಕದಲ್ಲಿ ದೇವರ ಬಲ ಭಕ್ತರ ನಂಬಿಕೆಯನ್ನು ಅವಲಂಬಿಸಿದೆ. ಅವನ ಹೆಸರಿನಲ್ಲಿ ದೊಡ್ಡ ಸಾಮ್ರಾಜ್ಯವೂ ಚಿತ್ರಹಿಂಸೆಯ ಕೋಣೆಗಳೂ ನಡೆಯುತ್ತಿದ್ದರೂ, ನಿಜವಾಗಿ ಅವನನ್ನು ನಂಬುವವನು ತೋಟದ ಕೆಲಸ ಮಾಡುವ ಬ್ರೂಥಾ ಎಂಬ ಮಂದಬುದ್ಧಿಯವನಂತೆ ಕಾಣುವ ಹುಡುಗನೊಬ್ಬನೇ. ಉಳಿದವರ ನಂಬಿಕೆಯೆಲ್ಲ ಸಂಸ್ಥೆಯ ಮೇಲೆ, ಅದರ ಭಯದ ಮೇಲೆ. ಲೋಕ ಚೆಂಡಿನಂತೆ ದುಂಡಗಿದೆ ಎಂಬುದು ಆ ಧರ್ಮಪೀಠದ ಬೋಧನೆ. ಲೋಕ ಚಪ್ಪಟೆಯಾಗಿದೆ, ಅದನ್ನು ಹೊತ್ತ ಆಮೆ ಚಲಿಸುತ್ತಿದೆ ಎಂದು ಪಿಸುಗುಡುವವರು ಧರ್ಮದ್ರೋಹಿಗಳು. ಗೆಲಿಲಿಯೋನ ಕಥೆಯನ್ನು ಹೀಗೆ ತಲೆಕೆಳಗು ಮಾಡಿರುವುದನ್ನು ಯಾವ ದೇಶದ ಓದುಗರೂ ಗುರುತಿಸಬಲ್ಲರು. ಆದರೆ ಸ್ಥಾವರ ಮತ್ತು ಜಂಗಮಗಳ ನಡುವಿನ ಅಂತರವನ್ನು ಶಾಲೆಯಲ್ಲೇ ಓದಿದ ನಮಗೆ ಆಮೆ ಚಲಿಸುತ್ತಿದೆ ಎಂಬ ಆ ಪಿಸುಮಾತು ಇನ್ನೊಂದು ದನಿಯಲ್ಲೂ ಕೇಳಿಸುತ್ತದೆ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅತ್ಯಂತ ಗಟ್ಟಿಯಾದ ಕಾದಂಬರಿ ಇದು. ಹಾಗಿದ್ದೂ ಮೊದಲ ಶಿಫಾರಸು ಇದಲ್ಲ, ಏಕೆಂದರೆ ನಗರವೂ ಅಲ್ಲಿನ ಜನರೂ ಇದರಲ್ಲಿ ಹೆಚ್ಚುಕಡಿಮೆ ಕಾಣಿಸುವುದಿಲ್ಲ. ಇದನ್ನು ಓದಿ ಮುಗಿಸಿದವರಿಗೆ ಮುಂದೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕಡಿಮೆ ಪುಟಗಳ, ನೇರವಾದ ಕಥೆ ಬೇಕೆನ್ನುವವರಿಗೆ 1987ರ 'ಮಾರ್ಟ್' ಸರಿಹೊಂದುತ್ತದೆ. ಕೂಲಿಯಾಳುಗಳನ್ನು ಆರಿಸಿಕೊಳ್ಳುವ ಜಾತ್ರೆಯಲ್ಲಿ ಯಾರಿಗೂ ಬೇಡವಾಗಿ ನಡುರಾತ್ರಿಯವರೆಗೂ ನಿಂತ ಹುಡುಗನನ್ನು ಕೊನೆಗೆ ಮೃತ್ಯುವೇ ಬಂದು ಕೆಲಸ ಕಲಿಯಲು ಕರೆದೊಯ್ಯುತ್ತದೆ. ಕೋಣ, ಪಾಶ, ಕೆಂಗಣ್ಣುಗಳ ಯಮನನ್ನು ನೋಡಿ ಬೆಳೆದವರಿಗೆ ಬಿಂಕಿ ಎಂಬ ಬಿಳಿಯ ಕುದುರೆಯೇರುವ, ಬೆಕ್ಕುಗಳನ್ನು ಪ್ರೀತಿಸುವ, ಖಾರದ ಕರಿ ಎಂದರೆ ಇಷ್ಟಪಡುವ ಈ ಅಸ್ಥಿಪಂಜರ ಬಹಳ ಬೇಗ ಆಪ್ತವಾಗಿಬಿಡುತ್ತದೆ. ಮನುಷ್ಯರನ್ನು ಅದು ದ್ವೇಷಿಸುವುದಿಲ್ಲ. ಅವರು ಏಕೆ ಹೀಗಿದ್ದಾರೆಂದು ಅರ್ಥಮಾಡಿಕೊಳ್ಳಲು ಪ್ರಯತ್ನಿಸುತ್ತಲೇ ಇರುತ್ತದೆ.

'ಮ್ಯಾಕ್‌ಬೆತ್' ನಾಟಕವನ್ನು ಓದಿದ್ದರೆ ಅಥವಾ ಎಚ್.ಎಸ್. ಶಿವಪ್ರಕಾಶರು ಅದನ್ನು ಕನ್ನಡದ ನೆಲಕ್ಕೆ ತಂದ 'ಮಾರನಾಯಕನ ದೃಷ್ಟಾಂತ'ವನ್ನು ರಂಗದ ಮೇಲೆ ನೋಡಿದ್ದರೆ, 1988ರ 'ವಿಯರ್ಡ್ ಸಿಸ್ಟರ್ಸ್' ಒಳ್ಳೆಯ ಬಾಗಿಲು. ಅಲ್ಲಿ ರಾಜನ ಕೊಲೆಯೂ ಇದೆ, ಕೈಗಂಟಿದ ರಕ್ತವೂ ಇದೆ, ಮೂವರು ಮಾಟಗಾತಿಯರೂ ಇದ್ದಾರೆ. ಆದರೆ ಕಥೆಯನ್ನು ಹೇಳುತ್ತಿರುವುದು ಮಾಟಗಾತಿಯರ ಕಡೆಯಿಂದ. ನಮ್ಮಲ್ಲಿ ಮಾಟಗಾತಿ ಎಂದೊಡನೆ ನಿಂಬೆಹಣ್ಣು, ಕುಂಕುಮ ನೆನಪಾಗುತ್ತವೆ. ಇಲ್ಲಿನವರು ಹೆಚ್ಚಾಗಿ ಹಳ್ಳಿಯ ಸೂಲಗಿತ್ತಿಯರು, ನಾಟಿ ಔಷಧ ಕೊಡುವವರು, ಸತ್ತವರ ಪಕ್ಕ ರಾತ್ರಿಯೆಲ್ಲ ಕೂರುವವರು. ಗ್ರ್ಯಾನಿ ವೆದರ್‌ವ್ಯಾಕ್ಸ್ ಎಂಬ ಬಿಗಿಮುಖದ ಮುದುಕಿಯಂಥವರನ್ನು ನೀವು ನಿಮ್ಮ ಊರಿನಲ್ಲಿ ಒಬ್ಬರನ್ನಾದರೂ ಕಂಡಿರುತ್ತೀರಿ. ಈ ಎಳೆಯ ಮೊದಲ ಪುಸ್ತಕ 'ಈಕ್ವಲ್ ರೈಟ್ಸ್' ಆದರೂ ಅದರಲ್ಲಿ ಗ್ರ್ಯಾನಿಯ ಪಾತ್ರ ಇನ್ನೂ ಪೂರ್ತಿ ಮೂಡಿಲ್ಲ. ಅದನ್ನು ಆಮೇಲೆ ಓದಿದರೆ ನಷ್ಟವಿಲ್ಲ. ಎಳೆಯೊಳಗೆ ಕ್ರಮ ಪಾಲಿಸಿ ಎಂಬ ನನ್ನ ನಿಯಮವನ್ನು ನಾನೇ ಮುರಿಯುವುದು ಇದೊಂದೇ ಕಡೆ.

ಫ್ಯಾಂಟಸಿ ಎಂದರೆ ಮೂಗು ಮುರಿಯುವವರಿಗೆ 2004ರ 'ಗೋಯಿಂಗ್ ಪೋಸ್ಟಲ್' ಕೊಡಿ. ಗಲ್ಲುಶಿಕ್ಷೆಗೆ ಗುರಿಯಾದ ಮೋಸಗಾರನಿಗೆ ನಗರದ ಆಡಳಿತಗಾರ ವೆಟಿನಾರಿ ಒಂದು ಆಯ್ಕೆ ಕೊಡುತ್ತಾನೆ: ಸಾಯಬಹುದು, ಇಲ್ಲವೆ ಪಾಳುಬಿದ್ದ ಅಂಚೆ ಇಲಾಖೆಯ ಪೋಸ್ಟ್‌ಮಾಸ್ಟರ್ ಆಗಬಹುದು. ಕಟ್ಟಡದ ತುಂಬ ಬಟವಾಡೆಯಾಗದ ಕಾಗದಗಳು ಗುಡ್ಡೆಗುಡ್ಡೆಯಾಗಿ ಬಿದ್ದಿವೆ. ಎದುರಾಳಿ, ಗೋಪುರದಿಂದ ಗೋಪುರಕ್ಕೆ ಸಂಕೇತ ಕಳಿಸುವ ಕ್ಲ್ಯಾಕ್ಸ್ ಎಂಬ ವ್ಯವಸ್ಥೆಯನ್ನು ನಡೆಸುವ ಖಾಸಗಿ ಕಂಪನಿ. 2013ರ ಜುಲೈನಲ್ಲಿ ನಮ್ಮ ಟೆಲಿಗ್ರಾಂ ಸೇವೆ ನಿಂತ ದಿನವನ್ನು ನೆನಪಿಟ್ಟುಕೊಂಡವರಿಗೆ ಈ ಪುಸ್ತಕ ಎರಡು ಪಟ್ಟು ಹತ್ತಿರವಾಗುತ್ತದೆ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ 2003ರ 'ದ ವೀ ಫ್ರೀ ಮೆನ್' ಅಥವಾ ಮಕ್ಕಳ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ ಪಡೆದ 'ದ ಅಮೇಜಿಂಗ್ ಮಾರಿಸ್' ಸಾಕು. ಮೊದಲನೆಯದರಲ್ಲಿ ಒಂಬತ್ತು ವರ್ಷದ ಟಿಫನಿ ಹುರಿಯುವ ಬಾಣಲೆ ಹಿಡಿದು ತಮ್ಮನನ್ನು ಹುಡುಕಿಕೊಂಡು ಹೋಗುತ್ತಾಳೆ.

ಮೊದಲ ಐವತ್ತು ಪುಟಗಳನ್ನು ಹೀಗೆ ಓದಿ

ಬಾಗಿಲು ಆಯ್ದುಕೊಂಡ ಮೇಲೆ ಎದುರಾಗುವ ತೊಡಕುಗಳು ಬೇರೆ. ಹೆಚ್ಚಿನ ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ. ದೃಶ್ಯದಿಂದ ದೃಶ್ಯಕ್ಕೆ ಒಂದು ಖಾಲಿ ಸಾಲಿನಷ್ಟೇ ಅಂತರ. ಮಲಗುವ ಮುನ್ನ ಒಂದು ಅಧ್ಯಾಯ ಎಂಬ ಅಭ್ಯಾಸದವರು ಇಲ್ಲಿ ಕಷ್ಟಪಡುತ್ತಾರೆ. ಮೊದಲ ಬಾರಿಗೆ ಕುಳಿತಾಗ ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಐವತ್ತು ಅರವತ್ತು ಪುಟಗಳನ್ನು ಒಂದೇ ಓಟಕ್ಕೆ ಓದಿ. ಆರಂಭದಲ್ಲಿ ಮೂರು ನಾಲ್ಕು ಕಡೆ ಬೇರೆ ಬೇರೆ ಜನ ಏನೇನೋ ಮಾಡುತ್ತಿರುತ್ತಾರೆ. ಅವರೆಲ್ಲ ಒಂದು ಕಥೆಗೆ ಬಂದು ಸೇರುವವರೆಗೆ ತಾಳ್ಮೆ ಬೇಕು.

ಅಡಿಟಿಪ್ಪಣಿಗಳನ್ನು ಬಿಡಬೇಡಿ. ಪಾಂಡಿತ್ಯದ ಗ್ರಂಥಗಳಲ್ಲಿ ಅಡಿಟಿಪ್ಪಣಿಯನ್ನು ಹಾರಿಸಿಯೇ ಅಭ್ಯಾಸವಾದ ನಮಗೆ ಇಲ್ಲಿ ಅದನ್ನು ಬಿಟ್ಟರೆ ಚಕ್ಕುಲಿ ಬಿಟ್ಟು ತಟ್ಟೆ ತೊಳೆದಂತೆ. ಪುಟದ ಕೆಳಗಿನ ನಾಲ್ಕು ಸಾಲುಗಳಲ್ಲೇ ಎಷ್ಟೋ ಸಲ ಆ ಪುಟದ ಅತ್ಯುತ್ತಮ ನಗೆ ಅಡಗಿರುತ್ತದೆ. ಓದುತ್ತಿರುವುದು ಮೊಬೈಲಿನಲ್ಲಿ ಅಥವಾ ಕಿಂಡಲ್‌ನಲ್ಲಾದರೆ, ಟಿಪ್ಪಣಿಯ ಗುರುತನ್ನು ಒತ್ತಿದಾಗ ಅದು ಅದೇ ಪುಟದಲ್ಲಿ ತೆರೆಯುತ್ತದೆಯೇ ಎಂದು ಮಾದರಿ ಪುಟಗಳಲ್ಲಿ ಪರೀಕ್ಷಿಸಿಯೇ ಕೊಳ್ಳಿ.

ಮೃತ್ಯುವಿನ ಮಾತುಗಳು ಉದ್ಧರಣ ಚಿಹ್ನೆಯಿಲ್ಲದೆ ಸಣ್ಣ ಗಾತ್ರದ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತವೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡ ಲಿಪಿಗೆ ಇದನ್ನು ತರುವುದು ಹೇಗೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಸದ್ಯಕ್ಕೆ, ಹೆಸರು ಹೇಳದಿದ್ದರೂ ಆ ಅಕ್ಷರ ಕಂಡಾಗ ಕೋಣೆಯೊಳಗೆ ಯಾರು ಬಂದರೆಂದು ತಿಳಿದುಕೊಂಡರೆ ಸಾಕು. ಟಿಫನಿಯ ಕಥೆಗಳಲ್ಲಿ ಬರುವ ನೀಲಿ ಬಣ್ಣದ ಕುಳ್ಳರು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಮಾತನಾಡುತ್ತಾರೆ. ಕಣ್ಣಿನಿಂದ ಓದಿದರೆ ಅದು ಬಿಡಿಸಲಾಗದ ಗಂಟು. ಗಟ್ಟಿಯಾಗಿ ಓದಿಕೊಂಡರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಎಲ್ಲ ಶ್ಲೇಷೆಗಳೂ ಹೊಳೆಯಲೇಬೇಕೆಂಬ ಹಟ ಬೇಡ. ಕೈಲಾಸಂ ಅವರ ಇಂಗ್ಲಿಷ್ ಬೆರೆತ ಕನ್ನಡವನ್ನೂ ಬೀಚಿಯವರ ಮಾತಿನ ತಿರುವುಗಳನ್ನೂ ಸವಿದವರಿಗೆ ಶ್ಲೇಷೆಯ ರುಚಿ ಗೊತ್ತೇ ಇದೆ. ಅವರ ಪುಸ್ತಕಗಳಲ್ಲೂ ಮೊದಲ ಓದಿಗೆ ದಕ್ಕದೆ, ಹತ್ತು ವರ್ಷಗಳ ಮೇಲೆ ಬಸ್ಸಿನಲ್ಲಿ ಕುಳಿತಾಗ ಥಟ್ಟನೆ ಹೊಳೆದ ಮಾತುಗಳಿರುತ್ತವೆ. ಹೆಜ್ಜೆಹೆಜ್ಜೆಗೂ ನಿಂತು ಅಂತರ್ಜಾಲದಲ್ಲಿ ವಿವರಣೆ ಹುಡುಕಿದರೆ ಕಥೆಯ ಓಟ ಕೆಡುತ್ತದೆ.

ಕೇಳುವ ಅಭ್ಯಾಸವಿರುವವರಿಗೆ ಧ್ವನಿಪುಸ್ತಕಗಳೂ ಇವೆ. 2022ರಿಂದ ಪೆಂಗ್ವಿನ್ ಹೊಸದಾಗಿ ಹೊರತಂದ ಆವೃತ್ತಿಗಳಲ್ಲಿ ಪ್ರತಿ ಎಳೆಗೆ ಬೇರೆ ಬೇರೆ ಕಲಾವಿದರಿದ್ದಾರೆ. ಅಡಿಟಿಪ್ಪಣಿಗಳನ್ನು ಓದುವವರು ನಟ ಬಿಲ್ ನಾಯಿ, ಮೃತ್ಯುವಿನ ಮಾತುಗಳನ್ನಾಡುವವರು ಪೀಟರ್ ಸೆರಾಫಿನೋವಿಚ್. ಟಿಪ್ಪಣಿಗೆ ಪ್ರತ್ಯೇಕ ದನಿ ಕೊಟ್ಟಿರುವುದರಿಂದ ಗೊಂದಲವಾಗುವುದಿಲ್ಲ. ಮಾಟಗಾತಿಯರ ಕಥೆಗಳಿಗೆ ಇಂದಿರಾ ವರ್ಮಾ ಅವರ ದನಿ ಚೆನ್ನಾಗಿ ಹೊಂದುತ್ತದೆ.

ಎರಡನೆಯ ಪುಸ್ತಕದಿಂದ ಮುಂದಕ್ಕೆ

'ಗಾರ್ಡ್ಸ್! ಗಾರ್ಡ್ಸ್!' ಮುಗಿಸಿದವರು ನೇರವಾಗಿ 1993ರ 'ಮೆನ್ ಅಟ್ ಆರ್ಮ್ಸ್'ಗೆ ಹೋಗಬೇಕು. ತಿಂಗಳಿಗೆ 38 ಡಾಲರ್ ಸಂಬಳದ ವೈಮ್ಸ್ ಅಲ್ಲಿ ತನ್ನ ಬೂಟುಗಳ ಬಗೆಗೆ ಯೋಚಿಸುತ್ತಾನೆ. ಒಳ್ಳೆಯ ಬೂಟಿಗೆ 50 ಡಾಲರ್. ಅದು ಹತ್ತು ವರ್ಷಗಳ ನಂತರವೂ ಪಾದವನ್ನು ಒಣಗಿಸಿಡುತ್ತದೆ. ಬಡವ ಕೊಳ್ಳಬಲ್ಲ ಬೂಟಿಗೆ 10 ಡಾಲರ್. ಅದು ಒಂದೆರಡು ಮಳೆಗಾಲಕ್ಕೆ ಸವೆದು ರಟ್ಟಾಗುತ್ತದೆ. ಆ ಹತ್ತು ವರ್ಷಗಳಲ್ಲಿ ಬಡವ ಬೂಟಿಗೆಂದು 100 ಡಾಲರ್ ಸುರಿದಿರುತ್ತಾನೆ, ಪಾದ ಮಾತ್ರ ಇನ್ನೂ ಒದ್ದೆ. ಬಡತನವೇ ಹೆಚ್ಚು ದುಬಾರಿ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ವಿವರಿಸಿದ ಬರಹ ಅಪರೂಪ. ಅರ್ಥಶಾಸ್ತ್ರದ ಚರ್ಚೆಗಳಲ್ಲೂ ಈ ಬೂಟಿನ ಸಿದ್ಧಾಂತವನ್ನು ಜನ ಉದಾಹರಿಸುತ್ತಾರೆ.

ಅಲ್ಲಿಂದ 'ಫೀಟ್ ಆಫ್ ಕ್ಲೇ', 'ಜಿಂಗೋ', 'ದ ಫಿಫ್ತ್ ಎಲಿಫೆಂಟ್' ಎಂದು ಕಾವಲುಪಡೆಯ ಎಳೆ ಸಾಗುತ್ತದೆ. ಆದರೆ ಒಂದೇ ಎಳೆಯನ್ನು ಒಂದೇ ಉಸಿರಿಗೆ ಮುಗಿಸಬೇಡಿ. ಎರಡು ಪುಸ್ತಕ ಆದ ಮೇಲೆ ಮಾಟಗಾತಿಯರ ಬೆಟ್ಟಕ್ಕೋ ಮೃತ್ಯುವಿನ ಮನೆಗೋ ಹೋಗಿ ಬನ್ನಿ. ಹಾಗೆ ಸುತ್ತಾಡಿದವರಿಗೆ, ವೈಮ್ಸ್‌ನ ಕಥೆಯಲ್ಲಿ ಮೂಲೆಯಲ್ಲಿ ನಿಂತಿದ್ದವನು ಇನ್ನೊಂದು ಪುಸ್ತಕದ ನಾಯಕನಾಗಿ ಎದುರಾಗುವ ಸುಖ ಸಿಗುತ್ತದೆ. ನಗರದಲ್ಲಿರುವ ಮಾಂತ್ರಿಕರ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಒಬ್ಬ ಒರಾಂಗುಟಾನ್. ಹೆಚ್ಚುಕಡಿಮೆ 'ಊಕ್' ಎಂಬುದೇ ಅವನ ಮಾತು. ಅವನು ಯಾವ ಪುಸ್ತಕದಲ್ಲಿ ಯಾವಾಗ ಕಾಣಿಸಿಕೊಳ್ಳುತ್ತಾನೆಂದು ಕಾಯುವುದೇ ಒಂದು ಆಟ.

ಮೃತ್ಯುವಿನ ಎಳೆಯಲ್ಲಿ 'ಮಾರ್ಟ್' ಆದ ಮೇಲೆ 'ರೀಪರ್ ಮ್ಯಾನ್', ನಂತರ 'ಸೋಲ್ ಮ್ಯೂಸಿಕ್', 'ಹಾಗ್‌ಫಾದರ್', 'ಥೀಫ್ ಆಫ್ ಟೈಮ್'. ಮಾಟಗಾತಿಯರ ಎಳೆಯಲ್ಲಿ 'ವಿಚಸ್ ಅಬ್ರಾಡ್' ಓದದೆ 'ಲಾರ್ಡ್ಸ್ ಅಂಡ್ ಲೇಡೀಸ್'ಗೆ ಹೋಗಬಾರದು. ಲೇಖಕರೇ ಅದರ ಆರಂಭದಲ್ಲಿ ಹಿಂದಿನ ಸಂಗತಿಗಳನ್ನು ನೆನಪಿಸಿಕೊಟ್ಟಿದ್ದಾರೆ. ಮಾಯಿಸ್ಟ್‌ನ ಮೂರು ಪುಸ್ತಕಗಳಲ್ಲಿ ಅಂಚೆ, ಬ್ಯಾಂಕು, ರೈಲು ಕ್ರಮವಾಗಿ ಬರುತ್ತವೆ. ಹತ್ತಿರ ಹತ್ತಿರ ಹದಿನೈದು ಪುಸ್ತಕಗಳಾದ ಮೇಲೆ ಒಂದು ಸಂಗತಿ ತಾನಾಗಿ ಗಮನಕ್ಕೆ ಬರುತ್ತದೆ: ಕತ್ತಿ ಮತ್ತು ಮಂತ್ರಗಳ ಕಾಲದಲ್ಲಿದ್ದ ನಗರ ಮೆಲ್ಲಗೆ ಪತ್ರಿಕೆ, ಅಂಚೆಚೀಟಿ, ಕಾಗದದ ಹಣ, ಉಗಿಬಂಡಿಗಳ ಕಾಲಕ್ಕೆ ಬಂದು ನಿಂತಿದೆ. ಪತ್ರಿಕೆ ಹುಟ್ಟಿದ ಕಥೆ 2000ದ 'ದ ಟ್ರೂತ್'. ಅದು ಯಾವ ಎಳೆಗೂ ಸೇರದಿದ್ದರೂ ನಾಲ್ಕೈದು ಪುಸ್ತಕಗಳಾದ ಮೇಲೆ ಓದಲು ಬಹಳ ಚೆನ್ನಾಗಿರುತ್ತದೆ.

ಅವಸರದಿಂದ ಮುಟ್ಟಬಾರದವು

2002ರ 'ನೈಟ್ ವಾಚ್' ಅನ್ನು ಸರಣಿಯ ಶ್ರೇಷ್ಠ ಕೃತಿ ಎಂದು ಬಹಳ ಜನ ಹೇಳುವುದರಿಂದ, ಶ್ರೇಷ್ಠವಾದದ್ದನ್ನೇ ಮೊದಲು ಓದೋಣ ಎಂದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ವೈಮ್ಸ್ 30 ವರ್ಷ ಹಿಂದಕ್ಕೆ ಜಾರಿ, ಈಗಿನ್ನೂ ಕೆಲಸಕ್ಕೆ ಸೇರಿದ ತನ್ನನ್ನೇ ಕಾಣುವ ಕಥೆ ಅದು. ಅವನು ಕಳೆದುಕೊಳ್ಳಬಹುದಾದದ್ದು ಏನು ಎಂಬುದು, ಅವನನ್ನು ಚರಂಡಿಯಲ್ಲಿ ಬಿದ್ದಿದ್ದ ದಿನದಿಂದ ಕಂಡವರಿಗಷ್ಟೇ ಎದೆಗೆ ತಟ್ಟುತ್ತದೆ. ಕಾವಲುಪಡೆಯ ಹಿಂದಿನ ಐದೂ ಪುಸ್ತಕಗಳನ್ನು ಓದಿ ಬಂದರೆ, ಪ್ರತಿ ಮೇ 25ರಂದು ಅಭಿಮಾನಿಗಳು ಲೈಲಾಕ್ ಹೂವನ್ನು ಏಕೆ ಮುಡಿಯುತ್ತಾರೆಂದು ಯಾರೂ ವಿವರಿಸಬೇಕಾಗುವುದಿಲ್ಲ.

2007ರ ಡಿಸೆಂಬರಿನಲ್ಲಿ ಪ್ರಾಚೆಟ್ ತಮಗೆ ಅಲ್ಜೈಮರ್ಸ್ ಕಾಯಿಲೆ ಇರುವುದಾಗಿ ಪ್ರಕಟಿಸಿದರು. ಕೈಬೆರಳಿನಿಂದ ಟೈಪ್ ಮಾಡಲಾಗದಂತಾದ ಮೇಲೆ ಹೇಳಿ ಬರೆಸಿದರು. ಕೊನೆಯ ಕೆಲವು ಪುಸ್ತಕಗಳಲ್ಲಿ, ವಿಶೇಷವಾಗಿ 2013ರ 'ರೇಸಿಂಗ್ ಸ್ಟೀಮ್'ನಲ್ಲಿ, ಮಾತು ಉದ್ದವಾಗಿದೆ, ಹಳೆಯ ಚುರುಕು ತಗ್ಗಿದೆ. ಈ ಲೋಕವನ್ನು ಆಗಲೇ ಪ್ರೀತಿಸಿದವರು ಅದನ್ನು ಹಳೆಯ ಸ್ನೇಹಿತರ ಮಾತು ಕೇಳುವಂತೆ ಕೇಳುತ್ತಾರೆ, ಹೊಸಬರು ಬೇಸರಪಡುತ್ತಾರೆ. ಸರಣಿಯ ಕೊನೆಯ ಪುಸ್ತಕ 'ದ ಶೆಫರ್ಡ್ಸ್ ಕ್ರೌನ್' ಕಟ್ಟಕಡೆಗೇ ಇರಲಿ, ಅದರಲ್ಲೂ ಮಾಟಗಾತಿಯರ ಮತ್ತು ಟಿಫನಿಯ ಎಳೆಗಳೆರಡೂ ಮುಗಿದ ಮೇಲೆ. ಅಪೂರ್ಣ ಬರಹಗಳು ಉಳಿಯಬಾರದೆಂಬ ಅವರ ಇಚ್ಛೆಯಂತೆ, 2017ರ ಆಗಸ್ಟಿನಲ್ಲಿ ಅವರ ಹಾರ್ಡ್ ಡ್ರೈವನ್ನು ಡಾರ್ಸೆಟ್‌ನ ಉಗಿಯಂತ್ರ ಮೇಳದಲ್ಲಿ ಹಳೆಯ ರೋಡ್ ರೋಲರ್ ಒಂದರ ಕೆಳಗೆ ಹಾಕಿ ಪುಡಿ ಮಾಡಲಾಯಿತು. ಆದ್ದರಿಂದ 42ನೆಯದು ಬರುವುದಿಲ್ಲ.

ತೆರೆಯ ಮೇಲಿನ ರೂಪಾಂತರಗಳಿಂದ ಆರಂಭಿಸುವ ಯೋಚನೆಯೂ ಕೆಲವರಿಗೆ ಬರುತ್ತದೆ. 2006ರ 'ಹಾಗ್‌ಫಾದರ್', 2010ರ 'ಗೋಯಿಂಗ್ ಪೋಸ್ಟಲ್' ಕಿರುಸರಣಿಗಳು ನೋಡುವಂತಿವೆ. 2021ರ 'ದ ವಾಚ್' ಮೂಲದಿಂದ ಬಹಳ ದೂರ ಹೋಗಿದೆ. ಪ್ರಾಚೆಟ್ ಇನ್ನೊಬ್ಬ ಲೇಖಕರೊಡನೆ ಬರೆದ ಕಾದಂಬರಿಯಿಂದ ಬಂದ 'ಗುಡ್ ಒಮೆನ್ಸ್' ಈ ಸರಣಿಗೆ ಸೇರಿದ್ದೇ ಅಲ್ಲ.

ಮೊದಲ ಪುಸ್ತಕಕ್ಕೆ ಮರಳುವುದು ಯಾವಾಗ

ಹತ್ತು ಹನ್ನೆರಡು ಪುಸ್ತಕಗಳಾದ ಮೇಲೆ, ಅಟ್ಟದಲ್ಲೋ ಕಪಾಟಿನ ಹಿಂದಿನ ಸಾಲಿನಲ್ಲೋ ಉಳಿದ 'ದ ಕಲರ್ ಆಫ್ ಮ್ಯಾಜಿಕ್' ಅನ್ನು ಈಗ ಹೊರತೆಗೆಯಬಹುದು. ನಗರ ಹೊತ್ತಿ ಉರಿಯುವುದರಿಂದ ಕಥೆ ಶುರುವಾಗುತ್ತದೆ. ಬೆಂಕಿಗೆ ಕಾರಣ, ಪ್ರವಾಸಿ ಟೂಫ್ಲವರ್ ತಂದ 'ಇನ್-ಸ್ಯೂಯರ್-ಆಂಟ್ಸ್' ಎಂಬ ಹೊಸ ವಿದ್ಯೆ. ಕಟ್ಟಡ ಸುಟ್ಟುಹೋದರೆ ದುಡ್ಡು ಸಿಗುತ್ತದೆಂದು ತಿಳಿದ ಹೆಂಡದಂಗಡಿಯವನು ಮರುಯೋಚನೆಯಿಲ್ಲದೆ ತನ್ನ ಅಂಗಡಿಗೇ ಬೆಂಕಿ ಹಚ್ಚುತ್ತಾನೆ. ಇದೆಲ್ಲದರ ಹಿಂದಿರುವ ಶಾಸ್ತ್ರದ ಹೆಸರೇನು ಎಂದರೆ, ನೆಲದಡಿಯ ಭೂತಗಳ ಪ್ರತಿಧ್ವನಿ ಎಂದು ರಿನ್ಸ್‌ವಿಂಡ್ ತಡವರಿಸುತ್ತ ಅನುವಾದಿಸುತ್ತಾನೆ. ಪ್ರತಿಧ್ವನಿಗೆ ಇಂಗ್ಲಿಷಿನಲ್ಲಿ ಎಕೋ, ನೆಲದಡಿಯ ಕುಳ್ಳ ಭೂತಕ್ಕೆ ನೋಮ್. ಎರಡನ್ನೂ ಸೇರಿಸಿ ಬಾಯಿಬಿಟ್ಟು ಹೇಳಿದರೆ ಎಕನಾಮಿಕ್ಸ್. ಕಾಲೇಜಿನಲ್ಲಿ ಅದೇ ವಿಷಯದ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಆ ಸಾಲಿನ ಮೇಲೆ ಕಣ್ಣಾಡಿಸಿ ಏನೂ ತಿಳಿಯದೆ ಮುಂದಕ್ಕೆ ಹೋಗಿದ್ದ ನನ್ನ ಪೆನ್ಸಿಲ್ ಗೆರೆಯೊಂದು ಹಳೆಯ ಪ್ರತಿಯಲ್ಲಿ ಈಗಲೂ ಇದೆ, ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.